ಮಾರಿಗಿಂತ ಮುಂದೆ ಓಡಿದ ವದಂತಿ



ಪ್ಲೇಗು ಎಂಬ ಮಾತು ನಮ್ಮ ಕಡೆಯ ಹಳ್ಳಿಗಳಿಗೆ ಹೊಸದಲ್ಲ. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಊರಿಗೆ ಊರೇ ಖಾಲಿಯಾಗಿ, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದ ಕಾಲವನ್ನು ಹಿರಿಯರ ಬಾಯಿಂದ ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಪ್ಲೇಗಿನಮ್ಮನ ಹೆಸರಿನಲ್ಲಿ ಕಟ್ಟಿದ ಗುಡಿಗಳು ಕನ್ನಡ ನಾಡಿನಲ್ಲೂ ಇವೆ, ತಮಿಳು ನಾಡಿನಲ್ಲೂ ಇವೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ರೋಗ ರೈಲಿನ ದಾರಿ ಹಿಡಿದು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಅದೇ ರೋಗ, ಅದಕ್ಕೂ ಐದೂವರೆ ಶತಮಾನಗಳ ಹಿಂದೆ, ಯುರೋಪು ಖಂಡವನ್ನು ಹೇಗೆ ಹೊಕ್ಕಿತು, ಅಲ್ಲಿ ಏನೇನು ಮಾಡಿತು, ಮತ್ತು ರೋಗದ ಹೆಸರಿನಲ್ಲಿ ಮನುಷ್ಯರು ಮನುಷ್ಯರಿಗೆ ಏನು ಮಾಡಿದರು ಎಂಬುದೇ ಇಂದಿನ ಭಾಷಣದ ವಿಷಯ.

ಇಂದು ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ‘ಕಪ್ಪು ಸಾವು’ ಎಂದು ಹೆಸರು. ಆದರೆ ಆ ಕಾಲದ ಜನ ಅದನ್ನು ಹಾಗೆ ಕರೆಯುತ್ತಿರಲಿಲ್ಲ. ‘ದೊಡ್ಡ ಸಾವು’ ಎನ್ನುತ್ತಿದ್ದರು. ನಮ್ಮ ಹಿರಿಯರು ಮಹಾಮಾರಿ ಎಂದಂತೆಯೇ ಅದೂ.

ಈ ಮಾರಿ ಎಲ್ಲಿಂದ ಹೊರಟಿತು? ಮಧ್ಯ ಏಷ್ಯಾದಲ್ಲಿ, ಈಗಿನ ಕಿರ್ಗಿಸ್ತಾನ ದೇಶದಲ್ಲಿ, ಇಸಿಕ್ ಕುಲ್ ಎಂಬ ದೊಡ್ಡ ಸರೋವರವಿದೆ. ಅದರ ಸಮೀಪದ ಹಳೆಯ ಸ್ಮಶಾನವೊಂದರಲ್ಲಿ 1338 ಮತ್ತು 1339ನೆಯ ಇಸವಿಗಳ ಗೋರಿಕಲ್ಲುಗಳು ಬೇರೆ ವರ್ಷಗಳಿಗಿಂತ ಬಹಳ ಹೆಚ್ಚಾಗಿವೆ. ಕೆಲವು ಕಲ್ಲುಗಳ ಮೇಲೆ ಸತ್ತವರು ಸಾಂಕ್ರಾಮಿಕ ರೋಗದಿಂದ ಸತ್ತರೆಂದೇ ಕೆತ್ತಿದ್ದಾರೆ. ಅಲ್ಲಿ ಹೂತವರ ಹಲ್ಲುಗಳಲ್ಲಿ ಪ್ಲೇಗಿನ ರೋಗಾಣುವಿನ ಗುರುತು ಸಿಕ್ಕಿತೆಂದು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ಅಲ್ಲಿಂದ ವ್ಯಾಪಾರದ ದಾರಿಗಳಲ್ಲಿ ಪಶ್ಚಿಮಕ್ಕೆ ಸಾಗಿದ ರೋಗ ಕಪ್ಪು ಸಮುದ್ರದ ದಡವನ್ನು ತಲುಪಿತು.

ಆ ದಡದಲ್ಲಿ ಕಾಫಾ ಎಂಬ ರೇವು ಪಟ್ಟಣವಿತ್ತು. ಇಟಲಿಯ ಜಿನೋವಾ ನಗರದ ವರ್ತಕರದು ಅದು. ಮಂಗೋಲ ವಂಶದ ಜಾನಿ ಬೇಗ್ ಎಂಬ ದೊರೆ ಅದಕ್ಕೆ ಮುತ್ತಿಗೆ ಹಾಕಿದ್ದಾಗ ಅವನ ದಂಡಿನಲ್ಲಿ ರೋಗ ಹುಟ್ಟಿತಂತೆ. ಸತ್ತವರ ಹೆಣಗಳನ್ನು ಕಲ್ಲೆಸೆಯುವ ಯಂತ್ರದಿಂದ ಕೋಟೆಯ ಒಳಗೆ ಎಸೆಸಿದನಂತೆ. ಈ ಕಥೆಯನ್ನು ಬರೆದಿಟ್ಟವನು ಇಟಲಿಯ ಗಬ್ರಿಯೇಲೆ ದೆ ಮುಸ್ಸಿ ಎಂಬಾತ. ಅವನು ಕಾಫಾ ಪಟ್ಟಣದಲ್ಲಿ ಇದ್ದವನಲ್ಲ, ಕೇಳಿದ್ದನ್ನು ಬರೆದವನು. ಹೆಣ ಎಸೆದ ಮಾತನ್ನು ಇಂದಿನ ಅನೇಕ ಇತಿಹಾಸಕಾರರು ಸುಲಭವಾಗಿ ನಂಬುವುದಿಲ್ಲ. ಕಪ್ಪು ಸಮುದ್ರದ ರೇವುಗಳಿಂದ ಧಾನ್ಯ ತುಂಬಿಕೊಂಡು ಹೊರಟ ಹಡಗುಗಳು, ಧಾನ್ಯದ ಜೊತೆಗೆ ಇಲಿ, ಇಲಿಯ ಜೊತೆಗೆ ಚಿಗಟ, ಹೀಗೆ ರೋಗ ಬಂದಿತೆಂಬುದು ಹೆಚ್ಚು ಸಂಭವನೀಯ. ಇಲಿ ಯಾರ ಅಪ್ಪಣೆಯನ್ನೂ ಕೇಳದೆ ಹಡಗು ಹತ್ತಬಲ್ಲದು.

1347ರಲ್ಲಿ ರೋಗ ಕಾನ್‌ಸ್ಟಾಂಟಿನೋಪಲ್ ನಗರವನ್ನು ಹೊಕ್ಕಿತು. ಅಲ್ಲಿ ಚಕ್ರವರ್ತಿಯ ಮಗನನ್ನೇ ಬಲಿ ತೆಗೆದುಕೊಂಡಿತು. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾ ರೇವಿಗೆ ಜಿನೋವಾದ ಹಡಗುಗಳು ಬಂದವು. ಅವು ಹನ್ನೆರಡು ಎಂದು ಆ ಕಾಲದ ಬರಹಗಾರನೊಬ್ಬ ಹೇಳಿದ್ದಾನೆ. ಚಳಿಗಾಲ ಕಳೆಯುವುದರೊಳಗೆ ಮಾರ್ಸೇಲ್ಸ್, ಜಿನೋವಾ, ಪೀಸಾ, ವೆನಿಸ್, ಹೀಗೆ ರೇವಿನಿಂದ ರೇವಿಗೆ ಮಾರಿ ದಾಟಿತು. 1348ರ ವಸಂತದಲ್ಲಿ ಫ್ಲಾರೆನ್ಸ್ ನಗರಕ್ಕೆ ಬಂತು. ಆ ಬೇಸಗೆಯಲ್ಲಿ ಪ್ಯಾರಿಸ್ ನಗರಕ್ಕೂ, ಇಂಗ್ಲೆಂಡಿನ ದಕ್ಷಿಣ ಕರಾವಳಿಗೂ ಮುಟ್ಟಿತು. 1349ರಲ್ಲಿ ನಾರ್ವೆ ಮತ್ತು ಜರ್ಮನಿ. 1353ರ ವೇಳೆಗೆ ರಷ್ಯಾದ ಮಾಸ್ಕೋ. ಒಂದು ಸುತ್ತು ಪೂರೈಸಿತು.

ರೋಗದ ಲಕ್ಷಣಗಳನ್ನು ನಮ್ಮ ಹಿರಿಯರೂ ಬಲ್ಲರು. ಜೋರು ಜ್ವರ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಕುತ್ತಿಗೆಯಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಆಗ ಪೋಪ್ ವಾಸವಾಗಿದ್ದುದು ಫ್ರಾನ್ಸಿನ ಕಡೆಯ ಅವಿನ್ಯೋಂ ನಗರದಲ್ಲಿ. ಅವರ ವೈದ್ಯ ಗೀ ದ ಶೋಲಿಯಾಕ್ ಈ ರೋಗದಲ್ಲಿ ಎರಡು ಬಗೆಗಳಿವೆಯೆಂದು ಗುರುತಿಸಿದ. ಜ್ವರದ ಜೊತೆ ಬಾಯಲ್ಲಿ ರಕ್ತ ಬಂದರೆ ಮೂರು ದಿನಗಳಲ್ಲಿ ಸಾವು, ಗಡ್ಡೆ ಎದ್ದರೆ ಐದು ದಿನಗಳಲ್ಲಿ ಸಾವು ಎಂದು ಬರೆದ. ಅವನಿಗೂ ಗಡ್ಡೆ ಎದ್ದಿತು, ಆದರೆ ಬದುಕಿಕೊಂಡ. ಮೊದಲನೆಯ ಬಗೆ ಶ್ವಾಸಕೋಶದ ಪ್ಲೇಗೆಂದೂ, ಎರಡನೆಯದು ಗಡ್ಡೆ ಪ್ಲೇಗೆಂದೂ ಇಂದು ನಮಗೆ ಗೊತ್ತು.

ಕಣ್ಣಿಗೆ ಕಂಡದ್ದನ್ನು ಅವರು ಚೆನ್ನಾಗಿಯೇ ಬರೆದಿಟ್ಟರು. ಕಾಣದೆ ಇದ್ದದ್ದು ಕಾರಣ. 1348ರ ಅಕ್ಟೋಬರ್ ತಿಂಗಳಲ್ಲಿ ಫ್ರಾನ್ಸಿನ ದೊರೆ ಪ್ಯಾರಿಸ್ ವಿಶ್ವವಿದ್ಯಾನಿಲಯದ ವೈದ್ಯ ಪಂಡಿತರನ್ನು ಕಾರಣ ಕೇಳಿದ. 1345ನೆಯ ಇಸವಿಯಲ್ಲಿ ಶನಿ, ಗುರು, ಕುಜ ಈ ಮೂರು ಗ್ರಹಗಳು ಕುಂಭ ರಾಶಿಯಲ್ಲಿ ಸೇರಿದ್ದರಿಂದ ಗಾಳಿ ಕೆಟ್ಟು ರೋಗ ಹುಟ್ಟಿತು ಎಂದು ಅವರು ಉತ್ತರ ಕೊಟ್ಟರು. ಇಲಿಯ ಮಾತೂ ಇಲ್ಲ, ಚಿಗಟದ ಮಾತೂ ಇಲ್ಲ.

ಸಾವಿನ ಲೆಕ್ಕ ಎಷ್ಟು? ಜನಗಣತಿ ಇಲ್ಲದ ಕಾಲ ಅದು. ಯುರೋಪಿನ ಜನರಲ್ಲಿ ಮೂರರಲ್ಲಿ ಒಂದು ಪಾಲು ಸತ್ತರೆಂದು ಕೆಲವರು, ಅರ್ಧದಷ್ಟು ಸತ್ತರೆಂದು ಇನ್ನು ಕೆಲವರು ಅಂದಾಜು ಮಾಡುತ್ತಾರೆ. ಎಲ್ಲ ಕಡೆಯೂ ಒಂದೇ ಸಮನಾಗಿ ಹೊಡೆಯಲಿಲ್ಲ. ಮಿಲಾನ್ ನಗರದಲ್ಲಿ ಮೊದಲ ಸುತ್ತಿನಲ್ಲಿ ಸಾವು ಕಡಿಮೆ. ಫ್ಲಾರೆನ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋದರೆಂದು ಹೇಳುತ್ತಾರೆ. ಇಟಲಿಯ ಸಿಯೆನಾ ನಗರದಲ್ಲಿ ಅಗ್ನೋಲೋ ದಿ ತೂರಾ ಎಂಬವನಿದ್ದ. ಅವನು ಬರೆದಿಟ್ಟ ವೃತ್ತಾಂತದಲ್ಲಿ, ತನ್ನ ಐದು ಮಕ್ಕಳನ್ನು ತನ್ನ ಕೈಯಿಂದಲೇ ಮಣ್ಣು ಮಾಡಿದೆನೆಂಬ ಮಾತು ಬರುತ್ತದೆ. ಆ ನಗರದವರು ತಮ್ಮ ದೊಡ್ಡ ಇಗರ್ಜಿಯನ್ನು ಇನ್ನೂ ಹಿಗ್ಗಿಸಬೇಕೆಂದು ಗೋಡೆ ಎಬ್ಬಿಸಿದ್ದರು. ಮಾರಿ ಬಂದು ಹೋದ ಮೇಲೆ ಆ ಕೆಲಸ ಮುಂದುವರಿಯಲಿಲ್ಲ. ಅರ್ಧಕ್ಕೆ ನಿಂತ ಆ ಗೋಡೆ ಈಗಲೂ ಹಾಗೆಯೇ ನಿಂತಿದೆ.

ಕೇಳುಗರೇ, ಇಷ್ಟು ರೋಗದ ಕಥೆ. ಇನ್ನು ವದಂತಿಯ ಕಥೆ.

ಕಣ್ಣೆದುರು ಮಕ್ಕಳು ಸಾಯುತ್ತಿದ್ದಾರೆ, ಕಾರಣ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಯಾರೋ ಒಬ್ಬರು ಬಾವಿಗೆ ವಿಷ ಹಾಕಿದ್ದಾರೆ ಎಂಬ ಮಾತು ಎದ್ದಿತು. ವಿಷ ಹಾಕಿದವರು ಯಾರು? ಮೊದಮೊದಲು ಭಿಕ್ಷುಕರ ಮೇಲೆ, ಪರದೇಶಿಗಳ ಮೇಲೆ, ಕುಷ್ಠರೋಗಿಗಳ ಮೇಲೆ ಬೆರಳು ತೋರಿಸಿದರು. ಬೇಗನೆ ಆ ಬೆರಳು ಯಹೂದಿಗಳ ಕಡೆಗೆ ತಿರುಗಿತು. ಯಹೂದಿಗಳು ಆ ಊರುಗಳಲ್ಲಿ ತಲೆತಲಾಂತರದಿಂದ ಇದ್ದವರು. ಸಂತೆಯಲ್ಲಿ ಊರಿನ ಮಾತನ್ನೇ ಆಡುವವರು, ಪ್ರಾರ್ಥನೆಗೆ ಬೇರೊಂದು ಭಾಷೆಯನ್ನು ಇಟ್ಟುಕೊಂಡವರು. ಸಂಖ್ಯೆಯಲ್ಲಿ ಸಣ್ಣವರು. ಭೂಮಿ ಹಿಡಿಯಲು, ಹಲವು ಕಸುಬು ಮಾಡಲು ಅವರಿಗೆ ಅಡ್ಡಿಗಳಿದ್ದುದರಿಂದ ಕೆಲವರು ಸಾಲ ಕೊಡುವ ವ್ಯವಹಾರದಲ್ಲಿದ್ದರು. ಸಾಲ ಕೊಟ್ಟವನ ಮೇಲೆ ಸಾಲಗಾರನಿಗೆ ಪ್ರೀತಿ ಇರುವುದು ಅಪರೂಪ.

1348ರ ಏಪ್ರಿಲ್ ತಿಂಗಳಲ್ಲಿ ಫ್ರಾನ್ಸಿನ ಕರಾವಳಿಯ ತುಲೋಂ ಪಟ್ಟಣದಲ್ಲಿ ರಾತ್ರಿ ಯಹೂದಿಗಳ ಕೇರಿಗೆ ನುಗ್ಗಿ ಸುಮಾರು 40 ಜನರನ್ನು ಕೊಂದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಈಗ ಸ್ವಿಟ್ಜರ್ಲೆಂಡಿನಲ್ಲಿರುವ ಶಿಯೋಂ ಎಂಬ ಕೋಟೆಯಲ್ಲಿ ಕೆಲವು ಯಹೂದಿಗಳನ್ನು ಹಿಡಿದು ತಂದು ಚಿತ್ರಹಿಂಸೆ ಕೊಟ್ಟರು. ಅವರಲ್ಲಿ ಒಬ್ಬ ಶಸ್ತ್ರವೈದ್ಯನೂ ಇದ್ದ. ಹಿಂಸೆ ತಾಳಲಾರದೆ, ಹೌದು, ಬಾವಿಗೆ ವಿಷದ ಪುಡಿ ಹಾಕಿದೆವು ಎಂದು ಒಪ್ಪಿಕೊಂಡರು. ಆ ತಪ್ಪೊಪ್ಪಿಗೆಯನ್ನು ಬರೆಸಿ, ನಕಲು ಮಾಡಿಸಿ, ಪಕ್ಕದ ನಗರಗಳಿಗೆ ಕಳುಹಿಸಿದರು. ಬಾಯಿಮಾತಿನ ವದಂತಿ ಈಗ ಕಾಗದವಾಯಿತು. ಕಾಗದವಾದ ಮೇಲೆ ಅದಕ್ಕೆ ಸರಕಾರದ ಬಲ ಬಂತು.

ರೈನ್ ನದಿಯ ದಂಡೆಯ ಬಾಸೆಲ್ ನಗರದಲ್ಲಿ 1349ರ ಜನವರಿ 9ರಂದು ಯಹೂದಿಗಳನ್ನು ನದಿಯ ನಡುಗಡ್ಡೆಯೊಂದರಲ್ಲಿ ಕಟ್ಟಿದ್ದ ಮರದ ಮನೆಯೊಳಗೆ ಕೂಡಿಹಾಕಿ ಬೆಂಕಿ ಇಟ್ಟರು. ಅದೇ ನದಿಯ ಕೆಳಗಣ ಸ್ಟ್ರಾಸ್‌ಬುರ್ಗ್ ನಗರದಲ್ಲಿ ಏನಾಯಿತೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸ್ಟ್ರಾಸ್‌ಬುರ್ಗ್‌ನ ನಗರಸಭೆಯ ಮುಖ್ಯಸ್ಥರು ಮೂವರು. ಅವರಲ್ಲಿ ಹಿರಿಯನಾದವನು ಪೀಟರ್ ಶ್ವಾರ್ಬರ್. ಈ ಮೂವರೂ ವದಂತಿಯನ್ನು ಹಾಗೆಯೇ ನಂಬಲಿಲ್ಲ. ರುಜುವಾತು ಏನಿದೆ ಎಂದು ಸುತ್ತಲಿನ ನಗರಗಳಿಗೆ ಓಲೆ ಬರೆದು ವಿಚಾರಿಸಿದರು. ದೊಡ್ಡ ನಗರವಾದ ಕಲೋನ್‌ನ ಸಭೆ ಜನವರಿಯಲ್ಲಿ ಬಹಳ ವಿವೇಕದ ಉತ್ತರ ಕೊಟ್ಟಿತು. ಇದು ದೇವರ ಕಡೆಯಿಂದ ಬಂದ ವಿಪತ್ತು, ಸತ್ಯ ತಿಳಿಯುವ ಮೊದಲು ಯಹೂದಿಗಳಿಗೆ ಕೇಡು ಮಾಡಬೇಡಿ, ಜನ ದಂಗೆ ಎದ್ದರೆ ಅದು ನಗರಕ್ಕೇ ಆಪತ್ತು ಎಂಬುದು ಆ ಪತ್ರದ ತಾತ್ಪರ್ಯ.

ಆದರೆ ನಗರದ ಕಸುಬುದಾರರ ಸಂಘಗಳು ಕೇಳಲಿಲ್ಲ. ಇವರು ಯಹೂದಿಗಳಿಂದ ಹಣ ತಿಂದಿದ್ದಾರೆ, ಆದ್ದರಿಂದಲೇ ಕಾಪಾಡುತ್ತಿದ್ದಾರೆ ಎಂದು ಕೂಗೆದ್ದಿತು. ಫೆಬ್ರವರಿಯ ಎರಡನೆಯ ವಾರದಲ್ಲಿ ಮೂವರನ್ನೂ ಅಧಿಕಾರದಿಂದ ಇಳಿಸಿದರು. ಹೊಸ ಸಭೆ ಬಂತು. 1349ರ ಫೆಬ್ರವರಿ 14, ಶನಿವಾರ. ಯಹೂದಿಗಳ ವಿಶ್ರಾಂತಿಯ ದಿನ ಅದು. ಅವರ ಸ್ಮಶಾನದಲ್ಲಿಯೇ ಮರದ ಅಟ್ಟಣೆ ಕಟ್ಟಿ ಅವರನ್ನು ಸುಟ್ಟರು. ಮತ ಬದಲಾಯಿಸಲು ಒಪ್ಪಿದವರನ್ನು ಬಿಟ್ಟರು. ಕೆಲವು ಎಳೆಯ ಮಕ್ಕಳನ್ನು ಬೆಂಕಿಯಿಂದ ಎಳೆದು ಜ್ಞಾನಸ್ನಾನ ಮಾಡಿಸಿದರು. ಸತ್ತವರು 2000 ಎಂದು ಹಳೆಯ ವೃತ್ತಾಂತ ಹೇಳುತ್ತದೆ. ಅಷ್ಟಿರಲಾರದು, ಕೆಲವು ನೂರು ಇರಬಹುದೆಂದು ಹೇಳುವ ಇತಿಹಾಸಕಾರರೂ ಇದ್ದಾರೆ.

ಮರುದಿನ ಏನಾಯಿತು ಎಂಬುದು ಮುಖ್ಯ. ಯಹೂದಿಗಳಿಗೆ ಕೊಡಬೇಕಾಗಿದ್ದ ಸಾಲವೆಲ್ಲ ಮನ್ನಾ ಆಯಿತು. ಅಡವಿಟ್ಟ ಒಡವೆ, ಬರೆದುಕೊಟ್ಟ ಪತ್ರ ಎಲ್ಲವೂ ಸಾಲಗಾರರ ಕೈಗೆ ಮರಳಿ ಬಂದವು. ಸಿಕ್ಕಿದ ನಗದನ್ನು ಕಸುಬುದಾರರು ಹಂಚಿಕೊಂಡರು. ಯಹೂದಿಗಳು ಬಡವರಾಗಿದ್ದು, ದೊಡ್ಡವರು ಅವರಿಗೆ ಸಾಲಗಾರರಾಗದೆ ಇದ್ದಿದ್ದರೆ ಅವರು ಉಳಿಯುತ್ತಿದ್ದರೆಂದು ಅದೇ ನಗರದ ಕ್ರೈಸ್ತ ವೃತ್ತಾಂತಕಾರನೊಬ್ಬ ಅಭಿಪ್ರಾಯಪಟ್ಟಿದ್ದಾನೆ.

ಇನ್ನೊಂದು ಸಂಗತಿಯನ್ನು ಲಕ್ಷ್ಯವಿಟ್ಟು ಕೇಳಿ. ಆ ಫೆಬ್ರವರಿಯಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಪ್ಲೇಗು ಇರಲೇ ಇಲ್ಲ. ಅದು ಬಂದದ್ದು ಅದೇ ವರ್ಷದ ಬೇಸಗೆಯಲ್ಲಿ. ಬಾವಿಗೆ ವಿಷ ಹಾಕುತ್ತಾರೆ ಎನ್ನಲಾದ ಜನ ಆಗ ಊರಿನಲ್ಲಿಯೇ ಇರಲಿಲ್ಲ. ಆದರೂ ಜನ ಸತ್ತರು, ಸಾವಿರಗಟ್ಟಲೆ ಸತ್ತರು. ಮಾರಿಗಿಂತ ನಾಲ್ಕಾರು ತಿಂಗಳು ಮುಂದೆ ವದಂತಿ ಓಡಿ ಬಂದು ತನ್ನ ಬಲಿಯನ್ನು ತಾನು ತೆಗೆದುಕೊಂಡಿತ್ತು. ವಿವೇಕದ ಪತ್ರ ಬರೆದ ಕಲೋನ್ ನಗರದಲ್ಲೂ ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಯಹೂದಿಗಳ ಕೇರಿಗೆ ಬೆಂಕಿ ಬಿತ್ತು. ಅಳಿದುಳಿದವರಲ್ಲಿ ಎಷ್ಟೋ ಜನ ಪೂರ್ವಕ್ಕೆ ಪೋಲೆಂಡಿನ ಕಡೆ ಹೋಗಿ ನೆಲೆಸಿದರು.

ತಿಳಿದು ಮಾತಾಡಿದವರು ಯಾರೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು. ಆರನೆಯ ಕ್ಲೆಮೆಂಟ್ ಪೋಪ್ 1348ರಲ್ಲಿಯೇ ಆಜ್ಞಾಪತ್ರಗಳನ್ನು ಹೊರಡಿಸಿ ಯಹೂದಿಗಳನ್ನು ಕೊಲ್ಲಬಾರದೆಂದು ಕಟ್ಟಪ್ಪಣೆ ಮಾಡಿದರು. ಅವರ ವಾದ ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತವರಿಗೂ ಒಪ್ಪಿಗೆಯಾಗುವಂಥದು. ಯಹೂದಿಗಳು ಇಲ್ಲದ ದೇಶಗಳಲ್ಲೂ ಜನ ಇದೇ ರೋಗದಿಂದ ಸಾಯುತ್ತಿದ್ದಾರೆ, ಯಹೂದಿಗಳೂ ಸಾಯುತ್ತಿದ್ದಾರೆ, ಹೀಗಿರುವಾಗ ಅವರು ವಿಷ ಹಾಕಿದರೆಂಬುದು ಹೇಗೆ ನಿಂತೀತು? ಪೋಪ್ ಅವರ ಸ್ವಂತ ಆಡಳಿತದ ಅವಿನ್ಯೋಂ ನಗರದಲ್ಲಿ ಯಹೂದಿಗಳಿಗೆ ರಕ್ಷಣೆ ಸಿಕ್ಕಿತು. ಜರ್ಮನಿಯ ಪಂಡಿತ ಕಾನ್ರಾಡ್ ಎಂಬಾತ, ವಿಯೆನ್ನಾ ನಗರದಲ್ಲಿ ಎಷ್ಟೊಂದು ಯಹೂದಿಗಳು ಸತ್ತರೆಂದರೆ ಅವರ ಸ್ಮಶಾನವನ್ನೇ ದೊಡ್ಡದು ಮಾಡಬೇಕಾಯಿತೆಂದು ಬರೆದ. ಆದರೆ ಅವಿನ್ಯೋಂ ದೂರ, ಸಂತೆಬೀದಿಯ ಕೂಗು ಹತ್ತಿರ. ಕಣ್ಣೆದುರು ಇದ್ದ ಲೆಕ್ಕವನ್ನು ನೋಡುವಷ್ಟು ತಾಳ್ಮೆ ಜನರಿಗೆ ಉಳಿದಿರಲಿಲ್ಲ.

ಇನ್ನು, ಮಾರಿ ಹೋದ ಮೇಲೆ ಉಳಿದವರ ಬದುಕು ಏನಾಯಿತು? ಇಂಗ್ಲೆಂಡನ್ನು ನೋಡೋಣ. ಹೊಲ ಇತ್ತು, ದನ ಇತ್ತು, ದುಡಿಯುವ ಕೈ ಇರಲಿಲ್ಲ. ಕೂಲಿಯಾಳು ಮೊದಲಿಗಿಂತ ಹೆಚ್ಚು ಕೂಲಿ ಕೇಳಿದ. ಒಬ್ಬ ಜಮೀನುದಾರ ಕೊಡದಿದ್ದರೆ ಪಕ್ಕದವನ ಬಳಿಗೆ ಹೋದ. ಭೂಮಾಲೀಕರ ಕಡೆಯ ಸರಕಾರ 1349ರಲ್ಲಿ ಆಜ್ಞೆ ಮಾಡಿತು, 1351ರಲ್ಲಿ ಅದನ್ನು ಶಾಸನವನ್ನಾಗಿ ಬಿಗಿ ಮಾಡಿತು. 1346ರಲ್ಲಿ, ಅಂದರೆ ಮಾರಿ ಬರುವ ಮೊದಲು, ಇದ್ದ ಕೂಲಿಯನ್ನೇ ಕೊಡಬೇಕು, ಅದನ್ನೇ ತೆಗೆದುಕೊಳ್ಳಬೇಕು, ಹೆಚ್ಚು ಕೇಳಿದವನಿಗೆ ಶಿಕ್ಷೆ. ಕಾಗದದ ಮೇಲಿನ ಕಾನೂನು ಕೂಲಿಯನ್ನು ಬಹಳ ಕಾಲ ಹಿಡಿದು ನಿಲ್ಲಿಸಲಾರದೆ ಹೋಯಿತು. ಈ ಅಸಮಾಧಾನಕ್ಕೆ ಹೊಸ ತಲೆಗಂದಾಯವೂ ಸೇರಿ 1381ರಲ್ಲಿ ರೈತರ ದೊಡ್ಡ ಬಂಡಾಯವೇ ಎದ್ದಿತು. ಬಂಡಾಯವನ್ನು ಅಡಗಿಸಿದರು. ಆದರೆ ಒಡೆಯನ ಜಮೀನಿಗೆ ರೈತನನ್ನು ಕಟ್ಟಿಹಾಕುವ ಹಳೆಯ ಜೀತದ ಪದ್ಧತಿ ಆ ದೇಶದಲ್ಲಿ ಮುಂದೆ ಮೆಲ್ಲಮೆಲ್ಲನೆ ಸಡಿಲವಾಗಿ ಹೋಯಿತು.

ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂದು ಬದುಕುವ ನಮಗೆ ಕುತೂಹಲವಾಗುವ ಇನ್ನೊಂದು ಬದಲಾವಣೆಯೂ ಅಲ್ಲಿ ಆಯಿತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ದೊರೆ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ದೊಡ್ಡವರ ಭಾಷೆ ಫ್ರೆಂಚು. ಶಾಲೆಯ ಮಕ್ಕಳು ಲ್ಯಾಟಿನ್ ಪಾಠಕ್ಕೆ ಫ್ರೆಂಚಿನಲ್ಲಿ ಅರ್ಥ ಹೇಳಬೇಕಾಗಿತ್ತು. ಇಂಗ್ಲಿಷು ಹೊಲದ ಭಾಷೆ, ಅಡುಗೆಮನೆಯ ಭಾಷೆ. ಮೊದಲ ಮಾರಿ ಬಂದು ಹೋದ ಮೇಲೆ ಈ ಪದ್ಧತಿ ಬದಲಾಯಿತೆಂದೂ, ಶಾಲೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಕಲಿಯುತ್ತಿದ್ದಾರೆಂದೂ ಜಾನ್ ಟ್ರೆವೀಸಾ ಎಂಬಾತ 1385ರಲ್ಲಿ ಬರೆದ. 1362ರಲ್ಲಿ, ನ್ಯಾಯಸ್ಥಾನಗಳಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಬೇಕು, ಏಕೆಂದರೆ ಜನಕ್ಕೆ ಫ್ರೆಂಚು ತಿಳಿಯದು ಎಂಬ ಶಾಸನ ಬಂತು. ವಿಚಿತ್ರವೆಂದರೆ ಆ ಶಾಸನವನ್ನು ಬರೆದದ್ದೇ ಫ್ರೆಂಚಿನಲ್ಲಿ! ಇದೆಲ್ಲ ಮಾರಿಯೊಂದರಿಂದಲೇ ಆಯಿತೆನ್ನಲಾಗದು, ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧವೂ ಕಾರಣ. ಆದರೂ ಸಾಮಾನ್ಯರ ಕೈಗೆ ಬೆಲೆ ಬಂದ ಕಾಲದಲ್ಲಿಯೇ ಅವರ ಬಾಯಿಮಾತಿಗೂ ಬೆಲೆ ಬಂದದ್ದು ಗಮನಿಸಬೇಕಾದ ಸಂಗತಿ.

ಮಾರಿ ಒಂದೇ ಸಲ ಬಂದು ಸುಮ್ಮನಾಗಲಿಲ್ಲ. 1361ರಲ್ಲಿ ಮರಳಿ ಬಂತು, ಆಗ ಮಕ್ಕಳು ಬಹಳವಾಗಿ ಸತ್ತರು. ಆಮೇಲೆಯೂ ಮತ್ತೆ ಮತ್ತೆ ಬರುತ್ತಲೇ ಇತ್ತು. ಹೀಗಿರುವಾಗ ಏಡ್ರಿಯಾಟಿಕ್ ಸಮುದ್ರದ ದಡದ ರಗೂಸಾ ಎಂಬ ಸಣ್ಣ ವ್ಯಾಪಾರಿ ಪಟ್ಟಣ 1377ರ ಜುಲೈ ತಿಂಗಳಲ್ಲಿ ಒಂದು ನಿಯಮ ಮಾಡಿತು. ಇಂದು ಅದು ಕ್ರೊಯೇಷಿಯಾ ದೇಶದ ದುಬ್ರೋವ್‌ನಿಕ್ ನಗರ. ರೋಗವಿರುವ ಸ್ಥಳದಿಂದ ಬಂದವರು ಊರಿನವರೇ ಆಗಲಿ, ಪರಸ್ಥಳದವರೇ ಆಗಲಿ, ಪಟ್ಟಣದ ಹೊರಗೆ ಮ್ರ್ಕಾನ್ ಎಂಬ ನಡುಗಡ್ಡೆಯಲ್ಲಿ ಅಥವಾ ಸಾವ್‌ತಾತ್ ಎಂಬ ಊರಿನಲ್ಲಿ 30 ದಿನ ಇದ್ದು ಆಮೇಲೆ ಒಳಗೆ ಬರಬೇಕು. ಮುಂದೆ ಬೇರೆ ಬೇರೆ ಕಡೆ ಈ ಅವಧಿ 40 ದಿನವಾಯಿತು. ಇಟಲಿಯ ಮಾತಿನಲ್ಲಿ ನಲವತ್ತಕ್ಕೆ ‘ಕ್ವಾರಾಂತಾ’ ಎನ್ನುತ್ತಾರೆ. 2020ರಲ್ಲಿ ಕೊರೋನಾ ಬಂದಾಗ ನಮ್ಮ ಹಳ್ಳಿಹಳ್ಳಿಯ ಬಾಯಲ್ಲೂ ಓಡಾಡಿದ ‘ಕ್ವಾರಂಟೈನ್’ ಎಂಬ ಮಾತು ಹುಟ್ಟಿದ್ದು ಅದರಿಂದಲೇ.

ರಗೂಸಾದವರಿಗೂ ರೋಗಾಣುವಿನ ವಿಷಯ ಗೊತ್ತಿರಲಿಲ್ಲ. ಪ್ಯಾರಿಸ್ ಪಂಡಿತರಿಗಿಂತ ಹೆಚ್ಚಿನ ವಿದ್ಯೆಯೂ ಅವರಲ್ಲಿರಲಿಲ್ಲ. ನಿನ್ನ ಮತ ಯಾವುದು, ಮಾತು ಯಾವುದು ಎಂದು ಕೇಳುವ ಬದಲು, ನೀನು ಎಲ್ಲಿಂದ ಬಂದೆ, ಬಂದು ಎಷ್ಟು ದಿನವಾಯಿತು ಎಂದು ಕೇಳಿದರು. ಆ ಕ್ರಮದಿಂದ ರೋಗ ಪೂರ್ತಿ ನಿಲ್ಲಲಿಲ್ಲ, ನಿಜ. ಆದರೆ ಯಾರನ್ನೂ ಸುಡಲಿಲ್ಲ, ಮತ್ತು ಆ ಪ್ರಶ್ನೆ ಸರಿಯಾದ ಪ್ರಶ್ನೆಯಾಗಿತ್ತು.

ಸರಿಯಾದ ಉತ್ತರ ಸಿಗಲು ಮತ್ತೂ ಐನೂರು ವರ್ಷ ಬೇಕಾಯಿತು. 1894ರಲ್ಲಿ ಹಾಂಗ್‌ಕಾಂಗ್ ನಗರದಲ್ಲಿ ಅಲೆಗ್ಸಾಂಡರ್ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದ. 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ಅದೇ ವರ್ಷ, ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಇಲಿಯಿಂದ ರೋಗವನ್ನು ದಾಟಿಸುವುದು ಚಿಗಟವೆಂದು ಪ್ರಯೋಗ ಮಾಡಿ ತೋರಿಸಿದ. ಮಧ್ಯಯುಗದಲ್ಲಿ ಮನುಷ್ಯರ ಮೈಮೇಲಿನ ಚಿಗಟ, ಹೇನುಗಳಿಂದಲೂ ಹರಡಿರಬಹುದೆಂಬ ಚರ್ಚೆ ಇನ್ನೂ ಇದೆ. ಲಂಡನ್ನಿನಲ್ಲಿ ಆ ಮಾರಿಯ ಕಾಲದಲ್ಲಿ ಹೂತವರ ಅವಶೇಷಗಳನ್ನು ಪರೀಕ್ಷಿಸಿದಾಗ 2011ರಲ್ಲಿ ಅದೇ ರೋಗಾಣುವಿನ ಗುರುತು ಸಿಕ್ಕಿತು. ಬೇಗನೆ ಗುರುತಿಸಿ ಔಷಧ ಕೊಟ್ಟರೆ ಪ್ಲೇಗು ಇಂದು ವಾಸಿಯಾಗುವ ರೋಗ.

ಬಾವಿಗಳಲ್ಲಿ ವಿಷ ಇರಲೇ ಇಲ್ಲ. ಆದರೆ ವದಂತಿ ಊರಿನಲ್ಲಿ ಬಿಟ್ಟುಹೋದದ್ದು ರೋಗಕ್ಕಿಂತ ಹೆಚ್ಚು ಕಾಲ ಉಳಿಯಿತು. ಸ್ಟ್ರಾಸ್‌ಬುರ್ಗ್‌ಗೆ ಕೆಲವು ವರ್ಷಗಳ ನಂತರ ಬಂದು ಸೇರಿದ್ದ ಯಹೂದಿಗಳನ್ನು ಆ ಶತಮಾನದ ಕೊನೆಯೊಳಗೆ ಮತ್ತೆ ಹೊರಹಾಕಿದರು. ಆಮೇಲೆ ಹಗಲು ವ್ಯಾಪಾರಕ್ಕೆ ಬಂದವರೂ ರಾತ್ರಿ ಊರಲ್ಲಿ ತಂಗುವಂತಿರಲಿಲ್ಲ. ಸಂಜೆ ದೊಡ್ಡ ಇಗರ್ಜಿಯ ಮೇಲಿನಿಂದ ಕೊಂಬು ಊದಿದರೆ ಕೋಟೆಯ ಬಾಗಿಲು ದಾಟಬೇಕು. ಈ ಪದ್ಧತಿ ಹದಿನೆಂಟನೆಯ ಶತಮಾನದ ಕೊನೆಗೆ ಫ್ರಾನ್ಸಿನ ಮಹಾಕ್ರಾಂತಿ ಆಗುವ ತನಕ ನಡೆದುಬಂತು.

ಗಡಿಯ ಊರುಗಳಲ್ಲಿ ನಾವು ಒಬ್ಬರ ಬಾವಿಯ ನೀರನ್ನು ಇನ್ನೊಬ್ಬರು ಕುಡಿದು, ಒಬ್ಬರ ಮಾತನ್ನು ಇನ್ನೊಬ್ಬರು ಕಲಿತು ಬಾಳುವವರು. ಒಂದು ಊರಿನಲ್ಲಿ ಹೆಚ್ಚಿನವರಾದವರು ಪಕ್ಕದ ಊರಿನಲ್ಲಿ ಕಡಿಮೆಯವರು. ರೋಗವೋ ಬರವೋ ಬಂದಾಗ ಇಂಥವರಿಂದ ಆಯಿತಂತೆ ಎಂಬ ಮಾತು ನಾಳೆ ನಮ್ಮ ಕಟ್ಟೆಗೂ ಬಂದೀತು. ಆಗ ಸ್ಟ್ರಾಸ್‌ಬುರ್ಗ್‌ನ ಆ ಮೂವರು ಕೇಳಿದ್ದನ್ನೇ ನಾವೂ ಕೇಳೋಣ. ಕಂಡವರು ಯಾರು? ರುಜುವಾತು ಎಲ್ಲಿ? ಅವರು ಮೂವರೇ ಇದ್ದರು, ಆದ್ದರಿಂದ ಸೋತರು. ಊರಿನಲ್ಲಿ ಹಾಗೆ ಕೇಳುವವರು ಮುನ್ನೂರು ಜನ ಇದ್ದಿದ್ದರೆ ಆ ಶನಿವಾರ ಬೇರೆಯಾಗಿರುತ್ತಿತ್ತೋ ಏನೋ.